ಹದಿನಾರು ಜಿಬಿಯೊಳಗೆ ಪಾವಗಡ

ಮಧುಗಿರಿಯ ಡಯಾಲಿಸಿಸ್ ಕೇಂದ್ರದಲ್ಲಿ ಸರ್ವರ್ ಇಟ್ಟಿದ್ದು ಹಿಂದೆ ಚಪ್ಪಲಿ ಬಿಡುತ್ತಿದ್ದ ಕೋಣೆಯಲ್ಲಿ. ಅದಕ್ಕೊಂದು ಎ.ಸಿ. ಕೂರಿಸಿ, ಬಾಗಿಲಿಗೆ ಬೀಗ ಮಾಡಿಸಿ, ಪ್ರವೇಶವಿಲ್ಲ ಎಂದು ಬರೆಸಿದ ಮೇಲೂ ಜನ ಆ ಬಾಗಿಲ ಮುಂದೆಯೇ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಶರಣ್ಯಾ ಒಳಗೆ ಹೋಗಬೇಕಾದರೆ ಮೊದಲು ಅವನ್ನೆಲ್ಲ ಕಾಲಲ್ಲಿ ಪಕ್ಕಕ್ಕೆ ಸರಿಸಬೇಕಿತ್ತು. ಕೇಂದ್ರದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಓದಿದ್ದು ಬಿ.ಎ.; ಡೇಟಾಬೇಸ್ ಕಲಿತದ್ದು ಮೊಬೈಲಿನಲ್ಲಿ ವಿಡಿಯೊ ನೋಡಿ, ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ.

ಆ ದಿನಗಳಲ್ಲಿ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿತ್ತು. ಈ ಸರ್ವರಿನ ಹದಿನಾರು ಜಿಬಿ ಮೆಮೊರಿ ನಾಲ್ಕು ತಾಲ್ಲೂಕಿಗೆ ಸಾಕಾಗುತ್ತದೆಯೇ?

ಅಲ್ಲಿಯವರೆಗೆ ಟ್ರಸ್ಟಿನ ನಾಲ್ಕು ಕೇಂದ್ರಗಳೂ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ತಂತಮ್ಮ ರೋಗಿಗಳ ವಿವರವನ್ನು ತಂತಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿದ್ದವು. ಕಿಡ್ನಿ ಡಾಕ್ಟರು ಮಾತ್ರ ಎಲ್ಲರಿಗೂ ಒಬ್ಬರೇ. ಮಧುಗಿರಿಯಲ್ಲಿ ಕೂರುವವರು. ಶಿರಾಕ್ಕೂ ಕೊರಟಗೆರೆಗೂ ಹೇಗೋ ಹೋಗಿ ಬರುತ್ತಿದ್ದರು. ಪಾವಗಡದ ದಾರಿ ಅವರಿಂದ ಆಗಲಿಲ್ಲ. ಬೇರೆ ಯಾವ ಡಾಕ್ಟರೂ ಅಲ್ಲಿ ಕೂರಲು ಒಪ್ಪಲಿಲ್ಲ. ಡಾಕ್ಟರ ಕಣ್ಣಿಲ್ಲದ ಕಡೆ ಯಂತ್ರ ನಡೆಸಬಾರದು ಎಂಬುದು ಟ್ರಸ್ಟಿನ ನಿಯಮ. ಕೊನೆಗೆ ಟ್ರಸ್ಟಿನವರು ಒಂದು ದಾರಿ ಹುಡುಕಿದರು: ನಾಲ್ಕೂ ಕೇಂದ್ರಗಳು ಮಧುಗಿರಿಯ ಒಂದೇ ಸರ್ವರಿಗೆ ಸೇರಲಿ, ಡಾಕ್ಟರು ಇಲ್ಲಿ ಕೂತೇ ಪಾವಗಡದವರ ರಕ್ತದೊತ್ತಡ, ತೂಕ, ಪರೀಕ್ಷೆಯ ಅಂಕಿಗಳನ್ನು ನೋಡಲಿ. ಒಂದು ಸೋಮವಾರ ಪರೀಕ್ಷೆ ಎಂದು ನಿಗದಿಯಾಯಿತು. ಸರ್ವರ್ ನಿಂತರೆ ಪಾವಗಡದ ಕೇಂದ್ರ ಉಳಿಯುತ್ತದೆ. ಬಿದ್ದರೆ ಅಲ್ಲಿನ ಯಂತ್ರಗಳು ಶಿರಾಕ್ಕೆ ಹೋಗುತ್ತವೆ.

ಶರಣ್ಯಾಳ ಅಣ್ಣ ಸುರೇಶ್ ವಾರಕ್ಕೆ ಮೂರು ಸಲ ಮಲಗುತ್ತಿದ್ದದ್ದು ಪಾವಗಡದ ಕೇಂದ್ರದಲ್ಲೇ. ಗೂಡ್ಸ್ ಆಟೊ ಓಡಿಸುತ್ತಿದ್ದ ಗಟ್ಟಿ ಮನುಷ್ಯ, ಈಗ ಯಂತ್ರದಿಂದ ಎದ್ದರೆ ಕಾಲು ಸೆಟೆದುಕೊಂಡು ಗೋಡೆ ಹಿಡಿದು ನಡೆಯುವವನು. ಅವರ ಊರು ಪಾವಗಡದಿಂದ ಆಚೆ, ಆಂಧ್ರಕ್ಕೆ ಅಂಟಿಕೊಂಡಂತಿರುವ ಹಳ್ಳಿ. ಪಾವಗಡಕ್ಕಾದರೆ ಒಂದು ಆಟೊ ಸಾಕು. ಮಧುಗಿರಿಗೆ ಬರಬೇಕೆಂದರೆ ಒಂದು ಬಸ್ಸಿಳಿದು ಇನ್ನೊಂದು ಹತ್ತಬೇಕು, ವಾಪಸ್ಸೂ ಅಷ್ಟೇ.

“ನಂಗೆ ಅರ್ಥ ಆಗೋ ಹಂಗೆ ಹೇಳಮ್ಮ,” ಎಂದರು ಸರ್ವಮಂಗಳಾ. ಅವರು ಮಧುಗಿರಿ ಕೇಂದ್ರದ ಮ್ಯಾನೇಜರು. ಟೋಕನ್ ಇಲ್ಲದೆ ಯಾರನ್ನೂ ಕೌಂಟರಿನ ಹತ್ತಿರ ಬಿಡದವರು. ಒಬ್ಬರ ಕೆಲಸ ಮುಗಿದು ಎದ್ದ ಮೇಲೆಯೇ ಇನ್ನೊಬ್ಬರ ಹೆಸರು ಕೂಗಬೇಕು ಅವರಿಗೆ. “ಮುತ್ತುರಾಜ್ ಸಾರ್ ಬಂದು ಕೇಳಿದ್ರೆ ನಾನೂ ಎರಡು ಮಾತು ಆಡ್ಬೇಕಲ್ಲ.”

ಮುತ್ತುರಾಜ್ ಎಂದರೆ ಟ್ರಸ್ಟಿನ ಆಡಳಿತಾಧಿಕಾರಿ, ತುಮಕೂರಿನವರು.

“ಮದುವೆ ಊಟ ಅಂದ್ಕೊಳ್ಳಿ ಮೇಡಂ,” ಎಂದಳು ಶರಣ್ಯಾ. “ಅಡುಗೆಮನೇಲಿ ದೊಡ್ಡ ಹಂಡೆ ಒಂದಿರುತ್ತೆ. ಎಲ್ರಿಗೂ ಬೇಕಾದ ಅನ್ನ ಅದರಲ್ಲಿ. ಡೇಟಾಬೇಸು ಎಲ್ರಿಗೂ ಸೇರಿ ಇಟ್ಕೊಳ್ಳೋ ಮೆಮೊರಿ ಹಂಗೆ. ಅದಕ್ಕೆ ನಾಕು ಜಿಬಿ ಕೊಟ್ಟೆ. ಅಡುಗೆಯೋರು ಓಡಾಡಕ್ಕೆ ಜಾಗ ಬೇಕಲ್ಲ, ಅದು ಮಿಷಿನ್ನಿಗೇ, ಎರಡು ಜಿಬಿ. ಉಳಿದಿದ್ದು ಹತ್ತು. ಈಗ ಪಂಕ್ತೀಲಿ ಕೂತೋರಿಗೆ ಒಂದೊಂದು ಎಲೆ ಹಾಕ್ಬೇಕು. ಕೆಲಸ ಮಾಡೋಕೆ ಬಂದ ಒಂದೊಂದು ಕನೆಕ್ಷನ್ನಿಗೂ ಅದರದ್ದೇ ಒಂದು ಎಲೆ.”

“ಎಷ್ಟು ಜನ ಕೂರ್ತಾರೆ?”

“ಅದೇ ಮೇಡಂ ಲೆಕ್ಕ. ಇಪ್ಪತ್ತು ಜನ ಅಂದ್ರೆ ಒಬ್ಬೊಬ್ಬರಿಗೆ ಅರ್ಧ ಜಿಬಿ ಎಲೆ.”

“ಚಿಕ್ಕ ಎಲೆ ಹಾಕು. ಜಾಸ್ತಿ ಜನ ಕೂರ್ಲಿ.”

“ಚಿಕ್ಕ ಎಲೆ ಹಾಕಿದ್ರೆ ಡಾಕ್ಟರ ಪುಟ ಓಡಲ್ಲ. ಅವರು ಎಲ್ರ ಆರು ತಿಂಗಳ ಅಂಕಿ ಒಟ್ಟಿಗೆ ಜೋಡಿಸಿ ನೋಡ್ತಾರೆ. ಎಲೆ ಸಾಲದೆ ಇದ್ರೆ ಅದು ಡಿಸ್ಕಿಗೆ ಇಳಿಯುತ್ತೆ. ನಮ್ಮ ಡಿಸ್ಕು ನಿಮಗೇ ಗೊತ್ತಲ್ಲ.”

“ಗೊತ್ತಮ್ಮ ಗೊತ್ತು. ಅಷ್ಟೊತ್ತಿಗೆ ನಾನು ಬೆಟ್ಟ ಹತ್ತಿ ಇಳೀಬೌದು,” ಎಂದರು ಸರ್ವಮಂಗಳಾ. ಕಿಟಕಿಯಾಚೆ ಬೋಳು ಬಂಡೆ ಬಿಸಿಲಿಗೆ ಕಾದು ನಿಂತಿತ್ತು. “ಇನ್ನಷ್ಟು ಮೆಮೊರಿ ಹಾಕ್ಸಿದ್ರೆ?”

“ಹಾಕೋ ಜಾಗಾನೇ ತುಂಬೋಗಿದೆ. ಹಳೇ ಮಿಷಿನ್ನು, ಇದಕ್ಕಿಂತ ಹಿಡಿಯಲ್ಲ.”

ಅದೇ ಮಾತನ್ನು ಅವಳು ಫೋನಿನಲ್ಲಿ ಸುರೇಶನಿಗೂ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡು ಗಂಟಲಲ್ಲೇ ನಕ್ಕ.

“ಲೇ ಶರಣಿ, ಪಂಕ್ತಿ ಲೆಕ್ಕ ನಿಂಗ್ಯಾರೇ ಹೇಳ್ಕೊಟ್ಟೋರು? ನಮ್ಮನ್ನ ಕೂರ್ಸೋದೇ ಕೊನೇ ಪಂಕ್ತೀಲಿ. ಅಷ್ಟೊತ್ತಿಗೆ ಪಾಯ್ಸ ಮುಗ್ದಿರ್ತದೆ.”

“ಇಲ್ಲಿ ಹಂಗಿಲ್ಲ ಕಣಣ್ಣ. ಎಲ್ರಿಗೂ ಒಂದೇ ಅಳತೆ ಎಲೆ.”

“ಸರಿ ಬುಡು. ನೀನು ಬಡ್ಸೋಳು ಅಂದ್ರೆ ನಂಗೂ ಪಾಯ್ಸ ಗ್ಯಾರಂಟಿ.” ಆಮೇಲೆ ದನಿ ತಗ್ಗಿಸಿದ. “ಆಯ್ತದೇನಮ್ಮಿ? ನಿಜ ಹೇಳು. ಮಧುಗಿರಿಗೆ ಬಂದು ಹೋಗೋದು ನನ್ನ ಕೈಲಾಗಲ್ಲ. ಮಿಷಿನ್ನಿಂದ ಎದ್ದ್ಮೇಲೆ ಬಸ್ಸಿನ ಕಂಬಿ ಹಿಡ್ಕೊಂಡ್ರೆ ಕೈ ನಿಲ್ಲಾಕಿಲ್ಲ.”

“ಆಗುತ್ತೆ ಕಣಣ್ಣ.”

ಸುಮ್ಮನೆ ಅಂದದ್ದಲ್ಲ. ಒಂದು ವಾರ ಪೂರ್ತಿ ಮಧುಗಿರಿಯ ಕೌಂಟರನ್ನು ಅಳೆದು ನೋಡಿದ್ದಳು. ಎಷ್ಟು ಕಂಪ್ಯೂಟರಿದ್ದವೋ ಅಷ್ಟೇ ಕನೆಕ್ಷನ್ನು; ಒಂದು ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಉಳಿದ ಮೂರು ಕೇಂದ್ರಗಳಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದಳು: ಏಕಕಾಲಕ್ಕೆ ಎಷ್ಟು ಜನ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತೀರಿ?

ಶಿರಾದ ಚಿರಂಜೀವಿ, “ಮೂರು ಜನ ಮೇಡಂ. ಗದ್ದಲ ಇದ್ದು ಜಲ್ದಿ ಆಗ್ಬೇಕು ಅಂದ್ರೆ ನಾಕು,” ಎಂದ. ಕೊರಟಗೆರೆಯ ಭವ್ಯ, “ಇಬ್ರು ಅಕ್ಕ. ನಾನು ಊಟಕ್ಕೆ ಹೋದ್ರೆ ಒಬ್ರು,” ಎಂದಳು. ಪಾವಗಡದ ಕೌಂಟರಿನಲ್ಲಿ ರಾಮಾಂಜಿನಮ್ಮ ಇದ್ದಳು. ಅರ್ಧ ತೆಲುಗು ಅರ್ಧ ಕನ್ನಡ ಬೆರೆಸಿ ಅಲ್ಲಿನ ರೋಗಿಗಳನ್ನೆಲ್ಲ ಮಕ್ಕಳ ಹಾಗೆ ಬೈದುಕೊಂಡು ನೋಡಿಕೊಳ್ಳುವ ಹೆಂಗಸು. “ಎಷ್ಟು ಜನ ಅಂದ್ರೆ? ನಾನೂ ಇನ್ನೊಬ್ಬಳು ಹುಡ್ಗೀನೂ. ಇಬ್ಬರೇ ಕಣಮ್ಮ. ನಿಮ್ಮಣ್ಣನ್ನೂ ಕೂರ್ಸಿದ್ರೆ ಮೂರು. ಅವನು ಕೂತರೆ ಕೆಲ್ಸ ಮಾಡಾಕೆ ಬಿಡಲ್ಲ, ಬರೀ ಮಾತು,” ಎಂದಳು.

ಎಲ್ಲರೂ ಸತ್ಯವನ್ನೇ ಹೇಳಿದ್ದರು. ಕೂಡಿಸಿದರೆ ಮಧುಗಿರಿಯವರೂ ಡಾಕ್ಟರೂ ಸೇರಿ ಹದಿನೈದು ದಾಟಲಿಲ್ಲ. ಶರಣ್ಯಾ ಯಾವುದಕ್ಕೂ ಇರಲಿ ಎಂದು ಇಪ್ಪತ್ತು ಹಿಡಿದಳು. ಮೇಲಿನ ಮಿತಿಯನ್ನು ಮಾತ್ರ ಕಟ್ಟಲಿಲ್ಲ. ಇಪ್ಪತ್ತೊಂದನೆಯವರು ಬಂದರೆ ಬಾಗಿಲಲ್ಲೇ ತಳ್ಳುವಂತೆ ಮಾಡಬಹುದಿತ್ತು. ಆಸ್ಪತ್ರೆಯಲ್ಲಿ ಹಾಗೆ ಮಾಡುವುದು ಅವಳಿಗೆ ಸರಿಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಮುತ್ತುರಾಜ್ ತುಮಕೂರಿನಿಂದ ಬೇಗನೆ ಬಂದರು. ದಪ್ಪಗಿನ, ಸಮಾಧಾನದ ಮನುಷ್ಯ. ಸರ್ವರ್ ಕೋಣೆಯ ಮುಂದೆ ತಮ್ಮ ಬೂಟು ಬಿಡಲು ಹೋಗಿ, ಶರಣ್ಯಾ “ಪರ್ವಾಗಿಲ್ಲ ಸಾರ್, ಹಂಗೇ ಬನ್ನಿ,” ಎಂದಾಗ ನಾಚಿಕೊಂಡರು. ಡಾಕ್ಟರು ತಮ್ಮ ಕೋಣೆಯಲ್ಲಿ ಕೂತು ಪಾವಗಡ ಎಂದು ಒತ್ತಿದರು. ಪುಟ ಬಂತು. ಎಲ್ಲ ಹೆಸರುಗಳೂ ಸಾಲಾಗಿ, ತೂಕ ಏರಿದವರು ಕೆಂಪಿನಲ್ಲಿ.

“ಚೆನ್ನಾಗಿದೆ ಇದು,” ಎಂದರು ಡಾಕ್ಟರು. ಆ ಮನುಷ್ಯ ಯಾವುದನ್ನೂ ಚೆನ್ನಾಗಿದೆ ಎಂದು ಹೇಳಿದ್ದನ್ನು ಆ ಕೇಂದ್ರದಲ್ಲಿ ಯಾರೂ ಕೇಳಿರಲಿಲ್ಲ. “ಈ ಸುರೇಶ್ ಯಾರು? ಎರಡು ಕಿಲೊ ಜಾಸ್ತಿ ಆಗಿದಾರಲ್ಲ. ನೀರು ಕುಡಿಯೋದು ಕಮ್ಮಿ ಮಾಡಕ್ಕೆ ಹೇಳಿ.”

“ನಮ್ಮಣ್ಣ ಸಾರ್,” ಎಂದಳು ಶರಣ್ಯಾ. “ಹೇಳ್ತೀನಿ.”

ಮುತ್ತುರಾಜ್ ಅವಳ ಕಡೆ ನೋಡಿ ತಲೆದೂಗಿದರು. ಸರ್ವಮಂಗಳಾ ಕಾಫಿ ತರಿಸಿದರು. ಆ ಕಾಫಿ ಕುಡಿಯುವಷ್ಟು ಹೊತ್ತು ಪಾವಗಡದ ಕೇಂದ್ರ ಉಳಿದಿತ್ತು.

ಹಳ್ಳಿಗಳ ಮೊದಲ ಬಸ್ಸುಗಳು ಬರತೊಡಗಿದಂತೆ ಸರ್ವರಿನ ಮೆಮೊರಿ ಏರತೊಡಗಿತು. ಶರಣ್ಯಾ ಪರದೆಯನ್ನೇ ನೋಡುತ್ತಿದ್ದಳು. ಹತ್ತು, ಹನ್ನೆರಡು, ಹದಿಮೂರು. ಎಲ್ಲೋ ಒಂದು ಕಡೆ ನಿಲ್ಲುತ್ತದೆ ಎಂದುಕೊಂಡಳು. ಹದಿನೈದು ದಾಟಿದ ಮೇಲೆ ಸರ್ವರ್ ತೆವಳಿತು. ಮೆಮೊರಿ ಪೂರ್ತಿ ತೀರಿದಾಗ ತಾನು ಬದುಕಲು ಸರ್ವರ್ ಎಲ್ಲಕ್ಕಿಂತ ಹೆಚ್ಚು ಮೆಮೊರಿ ತಿನ್ನುತ್ತಿರುವುದನ್ನು ಕೊಲ್ಲುತ್ತದೆ. ಇಲ್ಲಿ ಹೆಚ್ಚು ತಿನ್ನುತ್ತಿದ್ದದ್ದು ಡೇಟಾಬೇಸೇ. ಅದನ್ನೇ ಕೊಂದಿತು. ನಾಲ್ಕು ತಾಲ್ಲೂಕುಗಳಲ್ಲೂ ಪರದೆಗಳು ಬೆಳ್ಳಗಾದವು.

ಫೋನುಗಳು ಒಂದರ ಹಿಂದೊಂದು ಬಡಿದುಕೊಂಡವು. ಶರಣ್ಯಾ ಯಾವುದನ್ನೂ ಎತ್ತಲಿಲ್ಲ. ಎಲೆ ದೊಡ್ಡದಾಯಿತು, ಅಷ್ಟೇ ಇರಬೇಕು ಎಂದುಕೊಂಡು ಅದನ್ನು ಅರ್ಧಕ್ಕಿಳಿಸಿ ಡೇಟಾಬೇಸನ್ನು ಮತ್ತೆ ಎಬ್ಬಿಸಿದಳು. ಎದ್ದಿತು. ಆದರೆ ಡಾಕ್ಟರ ಪುಟ ಈಗ ಬರಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಎಲೆ ಸಾಲದೆ ಎಲ್ಲವೂ ಹಳೆಯ ಡಿಸ್ಕಿಗೆ ಇಳಿದಿತ್ತು. ಅಷ್ಟರಲ್ಲಿ ಎಲ್ಲ ಕೌಂಟರುಗಳೂ ತಾವು ಕಳೆದುಕೊಂಡಿದ್ದನ್ನೆಲ್ಲ ಒಟ್ಟಿಗೇ ತೆರೆಯತೊಡಗಿದವು. ಏರಿಕೆ ಮೊದಲಿಗಿಂತ ಬೇಗ ಆಯಿತು. ಎರಡನೆಯ ಸಲ ಬಿತ್ತು.

ಆಗ ಅವಳು ಪಾವಗಡಕ್ಕೆ ಫೋನು ಮಾಡಿದಳು. ಹಿಂದೆ ಜನ ಕೂಗಾಡುವುದು ಕೇಳುತ್ತಿತ್ತು.

“ರಾಮಾಂಜಿನಮ್ಮ, ನಿಮ್ಮ ಪರದೇಲಿ ಏನೇನು ತೆರೆದಿಟ್ಟಿದ್ರಿ, ಒಂದೊಂದಾಗಿ ಹೇಳಿ.”

“ಏನಿದೆ, ಎಲ್ರ ಹೆಸರಿನ ಪುಟ. ಬಂದೋರ್ದೆಲ್ಲ.”

“ಎಲ್ರದ್ದೂ? ಒಟ್ಟಿಗೆ?”

“ಮತ್ತೆ? ಬಸ್ಸಿಳಿದು ಮುಖ ತೋರ್ಸಿ ಹೋಗ್ತಾರೆ, ಟೀ ಕುಡಿಯೋಕೆ, ರಕ್ತ ಕೊಡಾಕೆ, ಒಂದಕ್ಕೆ. ಪುಟ ತೆಗೆದಿಟ್ರೆ ಆ ಹಾಸಿಗೆ ಇನ್ನೊಬ್ರಿಗೆ ಹೋಗಲ್ಲ. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಲ್ವಾ, ಅಂಗೆ. ಮೊದ್ಲಿಂದ ಇಂಗೇ ಮಾಡೋದು ಕಣಮ್ಮ.”

ಆ ಹಳೆಯ ಸಾಫ್ಟ್‌ವೇರಿನಲ್ಲಿ ಒಂದು ಹೆಸರಿನ ಪುಟ ತೆರೆದಿರುವಷ್ಟು ಹೊತ್ತೂ ಅದು ಒಂದು ಕನೆಕ್ಷನ್ ಹಿಡಿದಿರುತ್ತಿತ್ತು. ಆ ರೋಗಿಯ ಹಿಂದಿನದೆಲ್ಲವನ್ನೂ ಎಳೆದು ತನ್ನ ಎಲೆಯ ಮೇಲೆ ಇಟ್ಟುಕೊಂಡಿರುತ್ತಿತ್ತು. ಶರಣ್ಯಾ ಶಿರಾಕ್ಕೆ ಫೋನು ಮಾಡಿ ಕೇಳಿದಳು. “ಹೌದು ಮೇಡಂ, ನಾವೂ ಹಂಗೇ. ಕಳ್ಳಂಬೆಳ್ಳದಿಂದ ಬಂದೋರು ಸಂತೆ ಮಾಡ್ಕೊಂಡು ಬರ್ತೀವಿ ಅಂತಾರೆ, ಆಯ್ತು ಹೋಗ್ಬನ್ನಿ ಅಂತ ತೆಗೆದಿಡ್ತೀವಿ,” ಎಂದ ಚಿರಂಜೀವಿ. ಭವ್ಯಳಿಗೂ ಅದೇ ರೂಢಿ. “ಸಿದ್ದರಬೆಟ್ಟಕ್ಕೆ ಕೈಮುಗಿದು ಬರ್ತೀನಿ ಅಂದ ಅಜ್ಜಂದು ಒಂದಿದೆ ಅಕ್ಕ, ಮುಚ್ಚಿಬಿಡ್ಲಾ?”

ಶರಣ್ಯಾ ಕುರ್ಚಿಗೆ ಒರಗಿದಳು. ಅವಳು ಎಣಿಸಿದ್ದು ಬಡಿಸುವವರ ಮುಂದೆ ಕೂತವರನ್ನು. ಜಾಗ ಹಿಡಿದಿಟ್ಟು ಕೈತೊಳೆಯಲು ಹೋದವರ ಎಲೆಗಳನ್ನು ಎಣಿಸಿರಲೇ ಇಲ್ಲ. ಅಳೆದದ್ದು ಮಧುಗಿರಿಯಲ್ಲಿ. ಸರ್ವಮಂಗಳಾ ಮೇಡಂ ಟೋಕನ್ನಿನ ಮುಂದೆ ಟವೆಲ್ ಹಾಕುವ ಧೈರ್ಯ ಇಲ್ಲಿ ಯಾರಿಗಿತ್ತು? ಆ ಮೂರು ಊರುಗಳಲ್ಲಿ ಟವೆಲ್ ಹಾಕದೇ ಇದ್ದರೆ ದೂರದಿಂದ ಬಂದವರು ಬರುವುದನ್ನೇ ಬಿಡುತ್ತಿದ್ದರು. ಅವಳ ಊರೂ ಅಂಥದ್ದೇ. ಅವಳ ಅಣ್ಣನಿಗೂ ರಾಮಾಂಜಿನಮ್ಮ ಹೀಗೇ ಜಾಗ ಹಿಡಿದುಕೊಡುತ್ತಿದ್ದಳು. ಅದು ಶರಣ್ಯಾಳಿಗೆ ಗೊತ್ತೂ ಇತ್ತು. ಆದರೆ ಅದು ಮೆಮೊರಿಯ ಲೆಕ್ಕಕ್ಕೆ ಸೇರುವ ಸಂಗತಿ ಎಂದು ಹೊಳೆದಿರಲಿಲ್ಲ.

ಮುತ್ತುರಾಜ್ ಬಾಗಿಲಲ್ಲಿ ನಿಂತಿದ್ದರು. “ಇನ್ನೊಂದ್ಸಲ ಆಗುತ್ತೇನಮ್ಮ?” ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

“ಒಂದ್ನಿಮಿಷ ಸಾರ್.” ಅವಳು ಮತ್ತೆ ಪಾವಗಡಕ್ಕೆ ಹಚ್ಚಿದಳು. “ರಾಮಾಂಜಿನಮ್ಮ, ಈಗ ಎಬ್ಬಿಸ್ತೀನಿ. ನಿಮ್ಮ ಮುಂದೆ ಯಾರು ನಿಂತವ್ರೋ ಅವರ ಪುಟ ಮಾತ್ರ ತೆರೀಬೇಕು. ಬೇರೆ ಯಾರ್ದೂ ಬೇಡ.”

“ಅಯ್ಯೋ ದೇವುಡಾ, ಹೊರಗೆ ಹೋದೋರ ಹಾಸಿಗೆ ಹೋಗ್ತದಲ್ಲಮ್ಮ. ವರಾಂಡದಲ್ಲಿ ಕಾಯೋ ಜನಕ್ಕೆ ತಾನೇ ಕೊಟ್ಬುಡ್ತದೆ ಇದು.”

“ಗೊತ್ತು.”

“ನಿಮ್ಮಣ್ಣಂದೂ ಐತೆ ಅದ್ರಲ್ಲಿ. ಅಂಗಡಿತಾವ ಹೋಗವ್ನೆ, ನನಗೇ ಟೀ ತರ್ತೀನಿ ಅಂತ.”

ಆ ಕಡೆಯಿಂದ ಯಾರೋ ರಾಮಾಂಜಿನಮ್ಮನ ಹೆಸರು ಹಿಡಿದು ಬೈಯುತ್ತಿದ್ದರು. ಅವಳು ಫೋನನ್ನು ಎದೆಗೆ ಒತ್ತಿ ತೆಲುಗಿನಲ್ಲಿ ಬೈಗುಳ ವಾಪಸ್ಸು ಕೊಟ್ಟದ್ದು ಮಂದವಾಗಿ ಕೇಳಿಸಿತು.

“ತೆರೀಬೇಡಿ,” ಎಂದಳು ಶರಣ್ಯಾ. “ಅವನದ್ದೂ ಬೇಡ.”

ಅದೇ ಮಾತನ್ನು ಶಿರಾಕ್ಕೂ ಕೊರಟಗೆರೆಗೂ ಹೇಳಿದಳು. ಎಲೆಯನ್ನು ಮೊದಲಿನ ಅಳತೆಗೆ ತಂದು ಮೂರನೆಯ ಸಲ ಎಬ್ಬಿಸಿದಳು. ಈ ಸಲ ನಿಂತಿತು. ಮೆಮೊರಿ ಅರ್ಧಕ್ಕಿಂತ ಮೇಲೇಳಲಿಲ್ಲ. ಡಾಕ್ಟರ ಪುಟ ಬೆಳಿಗ್ಗೆಯಷ್ಟೇ ಚುರುಕಾಗಿ ಬಂತು. ಅವಳು ಓಡಿಹೋಗಿ ಅವರ ಬಾಗಿಲಲ್ಲಿ ನಿಂತಳು.

“ಬಂತು ಸಾರ್. ಇನ್ನು ಬೀಳಲ್ಲ. ಎಲ್ಲಿ ತಪ್ಪಾಗಿತ್ತು ಅಂತ ಗೊತ್ತಾಯ್ತು.”

ಡಾಕ್ಟರು ಪುಟದ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಮ್ಮ, ನಿನ್ನ ಮೇಲೆ ಕೋಪ ಇಲ್ಲ ನಂಗೆ. ಅಲ್ಲೊಬ್ಬ ಮನುಷ್ಯನ ರಕ್ತ ಹೊರಗೆ ಬಂದು ಮಿಷಿನ್ನಲ್ಲಿ ಸುತ್ತುತಾ ಇರುತ್ತೆ. ಬಿ.ಪಿ. ಇಳೀತು ಅಂತ ನನ್ನ ಕೇಳ್ತಾರೆ. ಆ ಹೊತ್ತಿಗೆ ನನ್ನ ಪರದೆ ಬೆಳ್ಳಗಾಗಿರುತ್ತೆ. ಇವತ್ತು ಎರಡು ಸಲ ಆಯ್ತು. ಆ ಪರದೆ ನಂಬಿ ನಾನು ಪಾವಗಡ ನಡೆಸಿ ಅಂತ ಸಹಿ ಹಾಕಲ್ಲ.”

“ಕೌಂಟರ್ನೋರಿಗೆ ಅಭ್ಯಾಸ ತಪ್ಪಿಸ್ತೀನಿ ಸಾರ್.”

“ತಪ್ಪುತ್ತಾ?”

ಶರಣ್ಯಾ ಹೌದು ಎನ್ನಲು ಬಾಯಿ ತೆರೆದಳು. ರಾಮಾಂಜಿನಮ್ಮ ನಾಳೆ ಬೆಳಿಗ್ಗೆ ಬಸ್ಸಿಳಿದು ಬಂದ ಮುದುಕನೊಬ್ಬನಿಗೆ ಟೀ ಕುಡಿದು ಬರಬೇಡ, ಇಲ್ಲೇ ನಿಂತಿರು ಎಂದು ಹೇಳುವುದನ್ನು ಕಲ್ಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

ಮುತ್ತುರಾಜ್ ಕಾರು ಹತ್ತುವ ಮೊದಲು ಅವಳನ್ನು ಪಕ್ಕಕ್ಕೆ ಕರೆದರು. “ಮುಂದಿನ ವರ್ಷ ದೊಡ್ಡ ಮಿಷಿನ್ ಬರುತ್ತಮ್ಮ. ಅರವತ್ತನಾಕು ಜಿಬಿದು. ನಾನೇ ಬರೆದಿದೀನಿ.”

“ಆಗ ಪಾವಗಡ ಮತ್ತೆ ಶುರುವಾಗುತ್ತಾ ಸಾರ್?”

“ಅದು… ಯಂತ್ರ ಒಂದ್ಸಲ ಕಿತ್ತು ಕೂರಿಸಿದ್ರೆ ಮತ್ತೆ ಕೀಳೋದು ಕಷ್ಟ ನೋಡು,” ಎಂದು ಅವರು ಕಾರಿನ ಬಾಗಿಲು ಹಾಕಿಕೊಂಡರು.

ಸುರೇಶ್ ಮಧ್ಯಾಹ್ನ ಫೋನು ಮಾಡಿದ.

“ನನ್ನ ಹಾಸಿಗೇಲಿ ಯಾರೋ ಮಲ್ಗವ್ರೆ ಕಣಮ್ಮಿ. ಟೀ ತಂದಿದ್ದೆ, ಆರೋಯ್ತು. ರಾಮಾಂಜಿನಮ್ಮ ಮುಖ ತೋರಿಸ್ತಿಲ್ಲ.”

“ನಾನೇ ನಿನ್ನ ಪುಟ ತೆರೀಬೇಡಿ ಅಂದೆ ಕಣಣ್ಣ.”

“ಹೂಂ. ಹೇಳಿದ್ಲು.” ಗಾಡಿಗಳ ಸದ್ದು ಕೇಳಿತು. “ನಿಂತ್ಕೊಂತಾ ಈಗ?”

“ಸರ್ವರ್ ನಿಂತ್ಕೊಂತು.”

“ಅಂದ್ರೆ ನಾವು ಉಳ್ಕಂಡ್ವಾ?”

ಅವಳು ಇಲ್ಲ ಎಂದಳು.

“ಸರಿ ಬುಡು,” ಎಂದ ಸುರೇಶ್. “ನೀನು ಊಟ ಮಾಡ್ದ್ಯಾ?”

ತಿಂಗಳು ತುಂಬುವುದರೊಳಗೆ ಪಾವಗಡದ ಯಂತ್ರಗಳು ಲಾರಿ ಹತ್ತಿದವು. ರಾಮಾಂಜಿನಮ್ಮನನ್ನು ಶಿರಾಕ್ಕೆ ಹಾಕಿದರು. ಎರಡು ದಿನ ಹೋಗಿ ಬಿಟ್ಟುಬಿಟ್ಟಳು. ಪಾವಗಡದ ರೋಗಿಗಳನ್ನು ಶಿರಾ, ಮಧುಗಿರಿ ಎಂದು ಹಂಚಿದರು. ಹಂಚಿದಷ್ಟು ಜನ ಬರಲಿಲ್ಲ. ಬಂದವರೆಲ್ಲ ಬಂದ ಹಾಗೇ ಉಳಿಯಲೂ ಇಲ್ಲ.

ಸರ್ವರ್ ಈಗ ಆರಾಮಾಗಿ ಓಡುತ್ತಿತ್ತು. ಶಿರಾ, ಕೊರಟಗೆರೆಗಳ ತೆರೆದಿಟ್ಟ ಪುಟಗಳನ್ನೂ ಎಣಿಸಿ ಶರಣ್ಯಾ ಹೊಸ ಲೆಕ್ಕ ಕಟ್ಟಿದ್ದಳು. ಮೂರು ತಾಲ್ಲೂಕಿಗೆ ಹದಿನಾರು ಜಿಬಿ ಸಾಕಾಗಿ ಮೇಲೆ ಉಳಿಯುತ್ತಿತ್ತು.

“ನೋಡಿದ್ಯಾ, ಈಗೆಷ್ಟು ಚೆನ್ನಾಗಿ ಹೋಗ್ತಿದೆ,” ಎಂದರು ಸರ್ವಮಂಗಳಾ ಒಂದು ದಿನ, ಸಮಾಧಾನ ಹೇಳುವವರಂತೆ. ಆಮೇಲೆ ಅವರಿಗೇ ಕೆಡುಕೆನಿಸಿರಬೇಕು, ಅವಳ ಬೆನ್ನ ಮೇಲೆ ಕೈಯಿಟ್ಟು ಹೋದರು.

ಸುರೇಶ್ ಮೊದಲು ಮಧುಗಿರಿಗೆ ತಪ್ಪದೆ ಬಂದ. ಟೋಕನ್ ಹಿಡಿದು ಕೂತಿರುತ್ತಿದ್ದ. ತಂಗಿ ಇಲ್ಲೇ ಕೆಲಸ ಮಾಡುವುದನ್ನು ಪಕ್ಕದವರಿಗೆಲ್ಲ ಹೇಳುತ್ತಿದ್ದ. “ಆ ಕೋಣೆ ಐತಲ್ಲ, ಅದ್ರೊಳಗೆ ನಮ್ಮ ಶರಣಿ ನಮ್ಮನ್ನೆಲ್ಲ ಇಟ್ಕಂಡವ್ಳೆ,” ಎನ್ನುತ್ತಿದ್ದ. ಯಂತ್ರದಿಂದ ಎದ್ದ ಮೇಲೆ ಮಾತು ಇರುತ್ತಿರಲಿಲ್ಲ. ಶರಣ್ಯಾ ಬಸ್ಸಿನವರೆಗೂ ಬಂದು ಕಂಡಕ್ಟರಿಗೆ ಹೇಳಿ ಸೀಟು ಕೊಡಿಸುತ್ತಿದ್ದಳು. ಎರಡನೆಯ ಬಸ್ಸಿನಲ್ಲಿ ಹೇಳುವವರು ಯಾರಿದ್ದರು? ತನ್ನ ಬಾಡಿಗೆ ರೂಮಿನಲ್ಲೇ ಉಳಿದುಕೋ ಎಂದಳು. ಹೆಂಡತಿ ಮಕ್ಕಳನ್ನು ಬಿಟ್ಟು ಇರಲು ಅವನು ಒಪ್ಪಲಿಲ್ಲ. ಮೂರು ಸಲ ಎರಡಾಯಿತು. ಎರಡರಲ್ಲೂ ಒಮ್ಮೊಮ್ಮೆ ಒಂದು ತಪ್ಪತೊಡಗಿತು.

ಒಂದು ಶುಕ್ರವಾರ ಅವನ ಫೋನು ಬಂತು. ಉಸಿರಿನ ಮಧ್ಯೆ ಮಾತು.

“ಇವತ್ತು ಬರಲ್ಲ ಕಣಮ್ಮಿ.”

“ಹೋದ ಸಲಾನೂ ಬಂದಿಲ್ಲ ಅಣ್ಣ. ಮೈ ಊದಿರುತ್ತೆ. ಗಾಡಿ ಮಾಡ್ಕೊಂಡು ಬಾ, ನಾನು ಇಲ್ಲಿ ನೋಡ್ಕೋತೀನಿ.”

“ಊದ್ಲಿ ಬುಡು, ಎಂಗೂ ಸಣ್ಣಗಾಗಿದ್ದೆ.” ನಗಲು ಹೋಗಿ ಕೆಮ್ಮಿದ. “ಗಾಡೀಲೂ ಕೂರಾಕೆ ಆಗ್ತಿಲ್ಲ ಕಣೇ. ಮಲ್ಗಿದ್ರೆ ಉಸ್ರು ಕಟ್ತದೆ, ಕೂತ್ರೆ ತಲೆ ತಿರುಗ್ತದೆ.”

“ಅತ್ತಿಗೆ ಕೈಗೆ ಫೋನ್ ಕೊಡು. ಆಂಬುಲೆನ್ಸ್ ಕಳಿಸ್ತೀನಿ.”

“ಬ್ಯಾಡ. ನೀನು ಸುಮ್ನಿರು ಸ್ವಲ್ಪ. ಹಿಂಗೇ ಫೋನ್ ಕಿವಿಗಿಟ್ಕೊಂಡಿರು.”

ಅವಳು ಇಟ್ಟುಕೊಂಡೇ ಇದ್ದಳು. ಆ ಕಡೆ ಕೋಳಿ ಕೂಗುವುದು, ಅತ್ತಿಗೆ ಯಾರನ್ನೋ ಕರೆಯುವುದು, ಅಣ್ಣನ ಉಸಿರು, ಎಲ್ಲ ಕೇಳುತ್ತಿತ್ತು. ಇನ್ನೊಂದು ಕೈಯಲ್ಲಿ ಕೇಂದ್ರದ ಫೋನು ಹಿಡಿದು ಪಾವಗಡದ ಕಡೆಯ ಆಂಬುಲೆನ್ಸಿಗೆ ಹಚ್ಚಿದಳು. ಗಾಡಿ ಬೇರೆ ಕಡೆ ಹೋಗಿದೆ, ಬಂದ ಮೇಲೆ ಕಳಿಸುತ್ತೇವೆ ಎಂದರು.

ಸರ್ವಮಂಗಳಾ ಬಾಗಿಲಿನಿಂದ ತಲೆ ಹಾಕಿದರು. ಒಳಗೆ ಬರಲಿಲ್ಲ.

“ಶರಣ್ಯಾ, ಸುರೇಶ್ ಬರ್ತಾರಾ? ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಕೊರಟಗೆರೇಲಿ ಜಾಗ ಸಿಗದ ಹೆಣ್ಮಗಳೊಬ್ಬಳು ಹಾಸಿಗೆಗೆ ಬೆಳಗಿಂದ ಕಾಯ್ತಾ ಕೂತವ್ಳೆ. ಕಾಲೆಲ್ಲ ಊದ್ಕೊಂಡಿದೆ.”

ಶರಣ್ಯಾ ಫೋನನ್ನು ಕಿವಿಯಿಂದ ತೆಗೆಯದೆ ಅವರನ್ನೇ ನೋಡಿದಳು.

“ಕೊಡಿ ಮೇಡಂ,” ಎಂದಳು.